ಗೋಳಗಳ ಸಂಗೀತವನ್ನು ಬರೆದವನು: ಡೆನ್ಮಾರ್ಕಿನ ರೂಡ್ ಲಾಂಗ್‌ಗೋರ್

ಕವಿಯೊಬ್ಬನ ಪದ್ಯವನ್ನು ಯಾರೂ ಅಚ್ಚು ಹಾಕದಿದ್ದರೂ ಅವನು ಅದನ್ನು ತನ್ನ ಮನೆಯ ಜಗಲಿಯಲ್ಲಿ ಕುಳಿತು ನಾಲ್ವರಿಗೆ ಓದಿ ಹೇಳಬಹುದು. ನಮ್ಮ ವಾಗ್ಗೇಯಕಾರನಿಗೆ ತನ್ನ ಕಂಠವೂ ಒಂದು ತಂಬೂರಿಯೂ ಇದ್ದರೆ ಸಾಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಚನಕಾರನ ಪಾಡು ಹಾಗಲ್ಲ. ಅವನು ಸಿಂಫನಿ ಎಂಬ ಬೃಹತ್ ಕೃತಿಯನ್ನು ಬರೆದನೆಂದರೆ, ಅದನ್ನು ನುಡಿಸಲು ಎಂಬತ್ತು ತೊಂಬತ್ತು ಮಂದಿ ವಾದ್ಯಗಾರರು ಬೇಕು; ಅವರನ್ನು ನಡೆಸುವ ನಿರ್ದೇಶಕನು ಬೇಕು; ಅಭ್ಯಾಸಕ್ಕೆ ದಿನಗಳು ಬೇಕು; ಸಭಾಂಗಣವೂ ಹಣವೂ ಬೇಕು. ಇವೆಲ್ಲ ಯಾರ ಕೈಯಲ್ಲಿವೆಯೋ ಅವರು ಬೇಡವೆಂದರೆ ಆ ಕೃತಿ ಕಾಗದದ ಮೇಲಿನ ಚುಕ್ಕೆಗಳಾಗಿಯೇ ಉಳಿಯುತ್ತದೆ. ಬರೆದವನಿಗೇ ತನ್ನ ರಚನೆಯನ್ನು ಕಿವಿಯಾರೆ ಕೇಳುವ ಭಾಗ್ಯ ದೊರೆಯುವುದಿಲ್ಲ.

ಇಂಥ ಮೌನದಲ್ಲಿ ಬಹುಕಾಲ ಬಾಳಿದ ಒಬ್ಬ ಸಂಗೀತಕಾರನ ಜೀವನವನ್ನು ಸಂಘದ ಸದಸ್ಯರಿಗೂ ಕುಟುಂಬದವರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ. ಅವನ ಹೆಸರು ರೂಡ್ ಲಾಂಗ್‌ಗೋರ್. ಡೆನ್ಮಾರ್ಕ್ ಅವನ ದೇಶ. 1893ರಿಂದ 1952ರವರೆಗೆ ಅವನ ಆಯುಷ್ಯ. ಹದಿನಾರು ಸಿಂಫನಿಗಳನ್ನೂ ಒಂದು ಸಂಗೀತ ನಾಟಕವನ್ನೂ ಸೇರಿಸಿ ನಾನೂರಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದವನು. ಇಂದು ಯೂರೋಪಿನ ಹೆಸರಾಂತ ವಾದ್ಯವೃಂದಗಳು ಅವನನ್ನು ನುಡಿಸುತ್ತಿವೆ. ಅವನು ಬದುಕಿದ್ದಾಗ ಅವನ ತಾಯ್ನಾಡು ಅವನನ್ನು ಬಹುಮಟ್ಟಿಗೆ ಬದಿಗೆ ಸರಿಸಿತ್ತು.

ಬಾಲಪ್ರತಿಭೆ

ರೂಡ್ ಲಾಂಗ್‌ಗೋರ್ 1893ರ ಜುಲೈ 28ರಂದು ಕೋಪನ್‌ಹೇಗನ್ ನಗರದಲ್ಲಿ ಜನಿಸಿದನು. ತಂದೆ ಸೀಗ್‌ಫ್ರೀಡ್ ಲಾಂಗ್‌ಗೋರ್ ಪಿಯಾನೋ ವಾದಕ ಮತ್ತು ರಚನಕಾರ. ಹಂಗೇರಿಯ ಮಹಾವಾದಕ ಫ್ರಾಂಜ್ ಲಿಸ್ಟ್‌ನ ಶಿಷ್ಯ. ತಾಯಿ ಎಮ್ಮಾ ಕೂಡ ಪಿಯಾನೋ ವಾದಕಿ. ಒಬ್ಬನೇ ಮಗನ ಮೊದಲ ಪಾಠಗಳು ಮನೆಯಲ್ಲಿಯೇ ನಡೆದವು. ತಂದೆಯು ಸಂಗೀತವನ್ನು ಕೇವಲ ಮನರಂಜನೆಯೆಂದು ಬಗೆದವನಲ್ಲ. ಅವನು ಥಿಯಾಸಫಿಯ ವಿಚಾರಗಳತ್ತ ಒಲಿದು, ಸಂಗೀತವು ದೈವಿಕ ಲೋಕಕ್ಕೂ ಮನುಷ್ಯಲೋಕಕ್ಕೂ ನಡುವಣ ಸೇತುವೆಯೆಂದು ನಂಬಿದ್ದನು. 1875ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಥಾಪನೆಯಾಗಿ, ಮುಂದೆ ನಮ್ಮ ಚೆನ್ನೈನ ಅಡ್ಯಾರಿನಲ್ಲಿ ನೆಲೆಯೂರಿದ ಥಿಯಾಸಫಿಕಲ್ ಸೊಸೈಟಿಯ ಚಿಂತನೆಯ ಅಲೆ ಬಾಲ್ಟಿಕ್ ಸಮುದ್ರದ ದಡದ ಆ ಮನೆಯವರೆಗೂ ತಲುಪಿತ್ತು. ಸಂಗೀತದಿಂದ ಜಗತ್ತು ಶುದ್ಧವಾಗಬೇಕು ಎಂಬ ನಂಬಿಕೆ ಮಗನಿಗೆ ತಂದೆಯಿಂದ ಬಂದ ಆಸ್ತಿ. ಅವನ ಬಾಳಿನ ಹಿರಿಮೆಗೂ ನೋವಿಗೂ ಬೇರು ಅಲ್ಲಿಯೇ ಇದೆ.

1905ರಲ್ಲಿ, ಹನ್ನೊಂದು ವರ್ಷದ ಹುಡುಗನಾಗಿದ್ದಾಗಲೇ, ಅವನು ಸಾರ್ವಜನಿಕರ ಮುಂದೆ ಆರ್ಗನ್ ನುಡಿಸಿದನು. ಆರ್ಗನ್ ಎಂದರೆ ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಅಲ್ಲ. ಚರ್ಚಿನ ಗೋಡೆಯನ್ನೇ ಆವರಿಸುವ, ಸಾವಿರಾರು ಕೊಳವೆಗಳಿರುವ ಮಹಾವಾದ್ಯ. ಆ ವಾದ್ಯದ ಮೇಲೆ ಬರೆದುಕೊಳ್ಳದೆ, ನಮ್ಮವರ ಮನೋಧರ್ಮದ ಆಲಾಪನೆಯಂತೆ, ಸ್ಥಳದಲ್ಲಿಯೇ ಕಲ್ಪಿಸಿ ನುಡಿಸುವ ಶಕ್ತಿ ಬಾಲಕನಿಗಿತ್ತು. ಹದಿನಾಲ್ಕು ವರ್ಷ ವಯಸ್ಸಿನಲ್ಲಿ ಅವನ ಮೇಳಗೀತ ಕೃತಿಯೊಂದು ಕೋಪನ್‌ಹೇಗನ್‌ನಲ್ಲಿ ಪ್ರಯೋಗಗೊಂಡಿತು.

1908ರಿಂದ 1911ರವರೆಗೆ ಅವನು ತನ್ನ ಮೊದಲ ಸಿಂಫನಿಯನ್ನು ಬರೆದನು. ಬೇಸಿಗೆಯಲ್ಲಿ ಕುಟುಂಬವು ಸ್ವೀಡನ್ನಿನ ಕಡಲಂಚಿನ ಬೆಟ್ಟಪ್ರದೇಶಕ್ಕೆ ಹೋಗುತ್ತಿತ್ತು. ಅಲ್ಲಿಯ ಬಂಡೆಗಳೂ ಅಲೆಗಳೂ ಈ ಕೃತಿಯ ಪ್ರೇರಣೆ. ತೆರೆಗಳ ಹೊಡೆತದಿಂದ ಆರಂಭವಾಗಿ, ಬೆಟ್ಟದ ಹೂಗಳನ್ನೂ ಐತಿಹ್ಯಗಳನ್ನೂ ಕಂಡು, ಏರನ್ನು ಹತ್ತಿ, ಬಾಳುವ ಧೈರ್ಯದಲ್ಲಿ ಮುಗಿಯುವ ಐದು ಭಾಗಗಳು. ಒಂದು ಗಂಟೆಯ ಸಂಗೀತ. 1913ರ ಏಪ್ರಿಲ್ 10ರಂದು, ಅವನಿಗೆ ಇನ್ನೂ ಇಪ್ಪತ್ತು ತುಂಬದಿರುವಾಗ, ಮ್ಯಾಕ್ಸ್ ಫೀಡ್ಲರನ ನಿರ್ದೇಶನದಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ವೃಂದವು ಅದನ್ನು ನುಡಿಸಿತು. ಆ ಕಾಲದ ಸಂಗೀತ ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡ ವೇದಿಕೆ ವಿರಳ. ಸಭಿಕರು ಮೆಚ್ಚಿದರು, ಯುವಕನ ಮುಂದೆ ಜರ್ಮನಿಯ ಬಾಗಿಲು ತೆರೆದಂತೆ ತೋರಿತು.

ಆದರೆ 1914ರ ಆರಂಭದಲ್ಲಿಯೇ ತಂದೆ ತೀರಿಕೊಂಡನು. ಅದೇ ವರ್ಷದ ಬೇಸಿಗೆಯಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ಬರ್ಲಿನ್ನಿನ ಬಾಗಿಲು ಮುಚ್ಚಿತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನು ತಾಯಿಯೊಡನೆ ಕೋಪನ್‌ಹೇಗನ್‌ನಲ್ಲಿ ಉಳಿದನು.

ಕಾಲಕ್ಕಿಂತ ಮುಂದೆ ಹೋದ ಕಿವಿ

ಲಾಂಗ್‌ಗೋರ್‌ನನ್ನು ಪ್ರಯೋಗಶೀಲನೆಂದು ಕರೆಯುವುದಕ್ಕೆ ಕಾರಣವಾದ ಕೃತಿಗಳು ಈ ಯುದ್ಧದ ವರ್ಷಗಳಲ್ಲಿ ಹುಟ್ಟಿದವು. 1917ರಲ್ಲಿ ಅವನು ‘ಇನ್ಸೆಕ್ಟೇರಿಯಂ’ ಎಂಬ ಒಂಬತ್ತು ಪುಟ್ಟ ಪಿಯಾನೋ ಕೃತಿಗಳನ್ನು ಬರೆದನು. ಒಂದೊಂದೂ ಒಂದೊಂದು ಕೀಟದ ಚಿತ್ರ: ಮಿಡತೆ, ಕೊಡತಿ ಚಿಟ್ಟೆ, ನೊಣ, ಸಹಸ್ರಪದಿ, ಸೊಳ್ಳೆ ಇತ್ಯಾದಿ. ಮರವನ್ನು ಕೊರೆದು ಟಿಕ್ ಟಿಕ್ ಸದ್ದು ಮಾಡುವ ಹುಳುವೊಂದನ್ನು ಚಿತ್ರಿಸುವಾಗ, ವಾದಕನು ಬರಿಯ ಮನೆಗಳನ್ನು ಒತ್ತದೆ ಪಿಯಾನೋದ ಮರವನ್ನು ಬಡಿಯಬೇಕು, ಒಳಗಿನ ತಂತಿಯನ್ನು ಕೈಯಿಂದ ಮುಟ್ಟಬೇಕು. ವೀಣೆಯ ತಂತಿ ಮೀಟುವುದು ನಮಗೆ ಸಹಜ. ಆದರೆ ಮುಚ್ಚಳದೊಳಗಿನ ಪಿಯಾನೋ ತಂತಿಗೆ ಕೈ ಹಾಕುವುದು ಆ ಕಾಲದ ಯೂರೋಪಿಗೆ ಕೇಳರಿಯದ ಸಂಗತಿ. ಈ ಬಗೆಯ ವಾದನಕ್ಕೆ ಹೆಸರಾದ ಅಮೆರಿಕದ ಹೆನ್ರಿ ಕೊವೆಲ್ ತನ್ನ ಪ್ರಸಿದ್ಧ ರಚನೆಗಳನ್ನು ಬರೆದದ್ದು 1920ರ ದಶಕದಲ್ಲಿ.

1916ರಿಂದ 1918ರವರೆಗೆ ರಚಿತವಾದ ‘ಗೋಳಗಳ ಸಂಗೀತ’ ಇನ್ನೂ ಮುಂದಿನ ಹೆಜ್ಜೆ. ಗ್ರಹಗೋಳಗಳು ತಿರುಗುವಾಗ ಕಿವಿಗೆ ಕೇಳದ ಒಂದು ದಿವ್ಯನಾದ ಹೊಮ್ಮುತ್ತದೆಂಬುದು ಪೈಥಾಗೊರಸನ ಪರಂಪರೆಯ ಕಲ್ಪನೆ. ಹೊಡೆತವಿಲ್ಲದೆ ಹುಟ್ಟುವ ಅನಾಹತ ನಾದದ ಮಾತನ್ನು ಕೇಳಿ ಬಲ್ಲ ನಮ್ಮ ಓದುಗರಿಗೆ ಈ ಭಾವ ಅಪರಿಚಿತವಲ್ಲ. ಸುಮಾರು ಮೂವತ್ತೈದು ನಿಮಿಷಗಳ ಈ ಕೃತಿಗೆ ದೊಡ್ಡ ವಾದ್ಯವೃಂದ, ಮೇಳಗಾಯಕರು, ಆರ್ಗನ್, ತಂತಿಗಳ ಮೇಲೆಯೇ ನುಡಿಸುವ ಪಿಯಾನೋ ಇವೆಲ್ಲ ಬೇಕು. ಅದಲ್ಲದೆ ಎರಡನೆಯ ಚಿಕ್ಕ ವೃಂದವೊಂದು ಒಬ್ಬ ಗಾಯಕಿಯೊಡನೆ ದೂರದಲ್ಲಿ ಕುಳಿತು, ಬೇರೊಂದು ಲೋಕದಿಂದ ಬಂದಂತೆ ನುಡಿಸಬೇಕು. ಇದರಲ್ಲಿ ರೂಢಿಯ ರಾಗಬಂಧವಿಲ್ಲ, ಬೆಳೆಯುತ್ತ ಹೋಗುವ ಕಥನವಿಲ್ಲ. ಒಂದು ಸ್ವರಪುಂಜವು ಮಂಜಿನ ಪದರದಂತೆ ನಿಂತಿರುತ್ತದೆ; ಒಂದು ಚಿಕ್ಕ ಉಲಿ ಬದಲಾಗದೆ ಮರುಮರಳಿ ಬರುತ್ತದೆ; ಆಮೇಲೆ ಮೌನ. ಇಬ್ಬನಿಯ ಮಿನುಗು, ಹೂ ಹೊದಿಸಿದ ಶವಪೆಟ್ಟಿಗೆಯ ಮೇಲಿನ ಬಿಸಿಲು ಎಂಬಂಥ ಚಿತ್ರಗಳನ್ನು ರಚನಕಾರನು ಭಾಗಗಳಿಗೆ ತಲೆಬರಹವಾಗಿ ಇರಿಸಿದ್ದಾನೆ.

1921ರ ನವೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹ ನಗರದಲ್ಲಿ ಇದರ ಮೊದಲ ಪ್ರಯೋಗವಾಯಿತು. 1922ರಲ್ಲಿ ಬರ್ಲಿನ್ನಿನಲ್ಲಿ ಮತ್ತೊಮ್ಮೆ. ಅಷ್ಟೆ. ಅನಂತರ ರಚನಕಾರನ ಜೀವಮಾನದಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ಡೆನ್ಮಾರ್ಕಿನಲ್ಲಂತೂ ಅವನು ಬದುಕಿರುವವರೆಗೆ ಅದು ಕೇಳಿಬರಲೇ ಇಲ್ಲ.

ಆ ಬಳಿಕ ಅವನು ತನ್ನ ಏಕೈಕ ಸಂಗೀತ ನಾಟಕ ‘ಆಂಟಿಕ್ರಿಸ್ಟ್’ ರಚಿಸಿದನು. ಪಠ್ಯವೂ ಅವನದೇ. ಅದರಲ್ಲಿ ನಾಯಕ ನಾಯಕಿಯರ ಕಥೆಯಿಲ್ಲ. ಯುದ್ಧಾನಂತರದ ಯೂರೋಪಿನ ಅಹಂಕಾರ, ಹತಾಶೆ, ಭೋಗಲಾಲಸೆ, ಪರಸ್ಪರ ಕಲಹ ಇವು ಒಂದೊಂದು ದೃಶ್ಯವಾಗಿ ಬರುತ್ತವೆ. 1923ರಲ್ಲಿ ಅದು ಮುಗಿಯಿತು. 1925ರಲ್ಲಿ ಕೋಪನ್‌ಹೇಗನ್‌ನ ರಾಜ ರಂಗಮಂದಿರವು ಅದನ್ನು ನಿರಾಕರಿಸಿತು. ಅವನು ವರ್ಷಗಟ್ಟಲೆ ಕುಳಿತು ತಿದ್ದಿ ಬರೆದನು. ಆದರೂ ಅವನ ಕಣ್ಣಮುಂದೆ ಅದು ರಂಗವೇರಲಿಲ್ಲ.

ತಾಯ್ನಾಡಿನ ಮೌನ

ತಾಯ್ನಾಡು ಏಕೆ ಅವನಿಂದ ಮುಖ ತಿರುಗಿಸಿತು? ಇದನ್ನು ಪಕ್ಷಪಾತವಿಲ್ಲದೆ ನೋಡಬೇಕು. ಆ ಕಾಲದ ಡೆನ್ಮಾರ್ಕಿನಲ್ಲಿ ಸಂಗೀತದ ಕೇಂದ್ರಪುರುಷ ಕಾರ್ಲ್ ನೀಲ್ಸನ್. ಬಡಕುಟುಂಬದಲ್ಲಿ ಹುಟ್ಟಿ ದೇಶದ ಮನ್ನಣೆಯ ಶಿಖರವನ್ನು ಏರಿದ, ನಿಜವಾಗಿಯೂ ದೊಡ್ಡ ಸಂಗೀತಕಾರ ಆತ. ಅವನ ಹಾದಿ ಸ್ಪಷ್ಟತೆಯದು, ಮಿತವ್ಯಯದ್ದು. ಹಿಂದಿನ ಶತಮಾನದ ಭಾವಾತಿರೇಕವನ್ನು ಆತ ಒಪ್ಪುತ್ತಿರಲಿಲ್ಲ. ಅವನನ್ನು ಅನುಸರಿಸಿದ ತರುಣರ ಕಣ್ಣಿಗೆ ಲಾಂಗ್‌ಗೋರ್ ಭಾವುಕ, ಧರ್ಮೋನ್ಮತ್ತ, ಹಳೆಯ ಕಾಲದವನು ಎಂದು ಕಂಡನು. ಒಂದೆಡೆ ಕಾಲಕ್ಕಿಂತ ಬಹಳ ಮುಂದೆ, ಇನ್ನೊಂದೆಡೆ ಕಾಲಕ್ಕಿಂತ ಬಹಳ ಹಿಂದೆ ಇದ್ದವನಿಗೆ ವರ್ತಮಾನದಲ್ಲಿ ಕಾಲಿಡಲು ಸ್ಥಳವಿರಲಿಲ್ಲ.

ಅವನ ಸ್ವಭಾವವೂ ಇದಕ್ಕೆ ನೆರವಾಗಲಿಲ್ಲ. ಸಂಗೀತ ಸಂಸ್ಥೆಗಳ ಮೇಲೆ ಅವನು ನೇರವಾಗಿ ಹರಿಹಾಯುತ್ತಿದ್ದನು. ರಾಜಿಯ ಮಾತು ಅವನಿಗೆ ಬಾರದು. 1925ರ ಸುಮಾರಿಗೆ ಅವನು ತನ್ನ ಪ್ರಯೋಗಗಳನ್ನೇ ಬಿಟ್ಟು, ನೀಲ್ಸ್ ಗಾಡೆ ಮೊದಲಾದ ಹತ್ತೊಂಬತ್ತನೆಯ ಶತಮಾನದ ರಚನಕಾರರ ಸೌಮ್ಯ ಶೈಲಿಗೆ ಮರಳಿದನು. ಹೊಸಬರಿಗೆ ಇದು ಇನ್ನಷ್ಟು ವಿಚಿತ್ರವಾಗಿ ತೋರಿತು. ಸರಕಾರದಿಂದ ಸಣ್ಣದೊಂದು ವಾರ್ಷಿಕ ವೇತನ ಬರುತ್ತಿತ್ತು. 1927ರಲ್ಲಿ ಕಾನ್‌ಸ್ಟಾನ್ಸ್ ಎಂಬಾಕೆಯನ್ನು ಮದುವೆಯಾದನು. ಚರ್ಚುಗಳಲ್ಲಿ ಆರ್ಗನ್ ವಾದಕನ ಸ್ಥಿರ ಹುದ್ದೆಗಾಗಿ ಮತ್ತೆ ಮತ್ತೆ ಅರ್ಜಿ ಹಾಕಿದನು. ಮತ್ತೆ ಮತ್ತೆ ನಿರಾಶನಾದನು. ಹನ್ನೊಂದರ ವಯಸ್ಸಿನಲ್ಲಿ ನಗರವನ್ನು ಬೆರಗುಗೊಳಿಸಿದವನಿಗೆ ನಲವತ್ತು ದಾಟಿದರೂ ಒಂದು ಕೆಲಸ ಸಿಗಲಿಲ್ಲ.

ಗಡಿಯ ಊರಿನಲ್ಲಿ

ಕೊನೆಗೆ 1940ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ರೀಬ ಎಂಬ ಊರಿನ ಪ್ರಧಾನ ಚರ್ಚಿನಲ್ಲಿ ಆರ್ಗನ್ ವಾದಕನ ಹುದ್ದೆ ದೊರೆಯಿತು. ಅದೇ ವರ್ಷದ ಏಪ್ರಿಲ್ 9ರಂದು ಜರ್ಮನ್ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತ್ತು.

ರೀಬ ಡೆನ್ಮಾರ್ಕಿನ ಅತಿ ಪುರಾತನ ಪಟ್ಟಣ. ದೇಶದ ನೈಋತ್ಯದ ಮೂಲೆಯಲ್ಲಿ, ರಾಜಧಾನಿಯಿಂದ ಬಹುದೂರದಲ್ಲಿದೆ. ಗಡಿಯ ಆಚೆಯ ಕನ್ನಡಿಗರಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಶ್ಲೆಸ್ವಿಗ್ ಪ್ರಾಂತವನ್ನು ಕಳೆದುಕೊಂಡಾಗ, ಹೊಸ ಗಡಿರೇಖೆ ರೀಬದ ದಕ್ಷಿಣಕ್ಕೆ ಊರನ್ನು ಸವರಿಕೊಂಡಂತೆ ಹಾದುಹೋಯಿತು. 1920ರಲ್ಲಿ ಜನಮತಗಣನೆ ನಡೆದು ಉತ್ತರ ಶ್ಲೆಸ್ವಿಗ್ ಡೆನ್ಮಾರ್ಕಿಗೆ ಮರಳಿತು. ಗಡಿ ಇನ್ನೂ ದಕ್ಷಿಣಕ್ಕೆ ಸರಿಯಿತು. ಆಗಲೂ ಡೇನಿಷ್ ಮಾತಾಡುವ ಕೆಲವರು ಜರ್ಮನಿಯಲ್ಲಿಯೂ ಜರ್ಮನ್ ಮಾತಾಡುವ ಕೆಲವರು ಡೆನ್ಮಾರ್ಕಿನಲ್ಲಿಯೂ ಉಳಿದರು. ಇಂದಿಗೂ ಎರಡೂ ಕಡೆಗಳಲ್ಲಿ ಅವರವರ ಭಾಷೆಯ ಶಾಲೆಗಳು, ಪತ್ರಿಕೆಗಳು, ಸಂಘಗಳು ನಡೆಯುತ್ತಿವೆ. ಗೆರೆ ಎಳೆದವರು ಬೇರೆ, ಗೆರೆಯ ಮೇಲೆ ಬಾಳಿದವರು ಬೇರೆ ಎಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇಂಥ ಊರಿಗೆ ಲಾಂಗ್‌ಗೋರ್ ಒಂದು ಬಗೆಯ ಗಡೀಪಾರಿಗೆ ಬಂದವನಂತೆ ಬಂದನು. ಕೃಶ ಶರೀರದ, ಒರಟು ಮಾತಿನ, ತನ್ನ ಲೋಕದಲ್ಲಿಯೇ ಮುಳುಗಿರುವ ಈ ಮನುಷ್ಯ ಊರವರಿಗೆ ಒಗಟಾಗಿದ್ದನು. ಆದರೆ ಬರೆಯುವುದು ನಿಲ್ಲಲಿಲ್ಲ. ರೀಬಕ್ಕೆ ಬಂದ ಮೇಲಿನ ಹನ್ನೆರಡು ವರ್ಷಗಳಲ್ಲಿ ಒಂಬತ್ತನೆಯದರಿಂದ ಹದಿನಾರನೆಯದರವರೆಗಿನ ಸಿಂಫನಿಗಳು ಪೂರ್ಣರೂಪ ತಳೆದವು. ಒಂಬತ್ತನೆಯದು ಆ ಊರಿಗೇ ಸಲ್ಲಿಸಿದ ಕಾಣಿಕೆ: ಮಧ್ಯಯುಗದ ಜನಪ್ರಿಯ ರಾಣಿ ಡಾಗ್ಮಾರಳ ಊರೆಂದು ಅದರಲ್ಲಿ ರೀಬವನ್ನು ಕೊಂಡಾಡಿದ್ದಾನೆ. ಹನ್ನೊಂದನೆಯದು ಕೇವಲ ಆರು ನಿಮಿಷಗಳದು. ಗ್ರೀಕ್ ಪುರಾಣದಲ್ಲಿ ಉರಿಯುವ ಚಕ್ರಕ್ಕೆ ಕಟ್ಟಲ್ಪಟ್ಟ ಇಕ್ಸಿಯಾನನ ಹೆಸರು ಹೊತ್ತ ಅದರಲ್ಲಿ ಒಂದೇ ರಾಗಖಂಡವು ಬಿಡುಗಡೆಯಿಲ್ಲದೆ ಸುತ್ತುತ್ತದೆ. ಮೊದಲ ಸಿಂಫನಿಯ ಒಂದು ಗಂಟೆಯ ಏರುಹಾದಿಯನ್ನೂ ಈ ಆರು ನಿಮಿಷಗಳ ಚಕ್ರವನ್ನೂ ಒಟ್ಟಿಗೆ ಇರಿಸಿದರೆ ಒಂದು ಬಾಳಿನ ಕಥೆ ತಿಳಿಯುತ್ತದೆ.

1948ರಲ್ಲಿ ಅವನು ಬರೆದ ಒಂದು ರಚನೆಯಲ್ಲಿ ಕಹಿಯೂ ನಗೆಯೂ ಕೂಡಿವೆ. ಅಷ್ಟು ಹೊತ್ತಿಗೆ ನೀಲ್ಸನ್ ತೀರಿಹೋಗಿ ಹದಿನೇಳು ವರ್ಷಗಳಾಗಿದ್ದರೂ ಅವನ ಕೀರ್ತನೆ ದೇಶದಲ್ಲಿ ಮುಗಿಲು ಮುಟ್ಟಿತ್ತು. ಲಾಂಗ್‌ಗೋರ್ ಮೇಳಕ್ಕೂ ವೃಂದಕ್ಕೂ ‘ಕಾರ್ಲ್ ನೀಲ್ಸನ್, ನಮ್ಮ ಮಹಾ ಸಂಗೀತಕಾರ’ ಎಂಬ 32 ಆವರ್ತಗಳ ಕೃತಿಯನ್ನು ಬರೆದನು. ಸಾಹಿತ್ಯವೆಂದರೆ ಆ ತಲೆಬರಹದ ಮಾತುಗಳೇ. ಅದನ್ನು ಅನಂತಕಾಲ ಮತ್ತೆ ಮತ್ತೆ ಹಾಡಬೇಕೆಂಬುದು ಅವನ ಸೂಚನೆ. ಒಬ್ಬನನ್ನು ಹೊಗಳುವ ಭರದಲ್ಲಿ ಬೇರೆ ದನಿಗಳಿಗೆ ಕಿವುಡಾಗುವ ಸಮಾಜವನ್ನು ಇದಕ್ಕಿಂತ ಚಿಕ್ಕದಾಗಿ ಚುಚ್ಚುವುದು ಸಾಧ್ಯವಿಲ್ಲ.

1952ರ ಜುಲೈ 10ರಂದು, ಐವತ್ತೊಂಬತ್ತು ತುಂಬಲು ಕೆಲವೇ ದಿನಗಳಿದ್ದಾಗ, ಅವನು ರೀಬದಲ್ಲಿ ತೀರಿಕೊಂಡನು. ಹಿಂದಿನ ವರ್ಷವಷ್ಟೇ ಮುಗಿಸಿದ್ದ ಕೊನೆಯ ಸಿಂಫನಿಯ ಹೆಸರು ‘ಬಿಸಿಲಿನ ಪ್ರಳಯ’. ಕತ್ತಲೆಯಲ್ಲಿ ಬಾಳಿದವನು ಕೊನೆಗೆ ಬೆಳಕಿನ ಹೆಸರನ್ನೇ ಬರೆದಿಟ್ಟು ಹೋದನು.

ಕಾಗದ ಕಾಯ್ದುಕೊಂಡದ್ದು

ಮುಂದಿನ ಕಥೆ ಕಿವಿಯದಲ್ಲ, ಕಾಗದದ್ದು. ಅವನ ಹಸ್ತಪ್ರತಿಗಳು ನಾಶವಾಗಲಿಲ್ಲ. ಕೋಪನ್‌ಹೇಗನ್‌ನ ರಾಜ ಗ್ರಂಥಾಲಯದಲ್ಲಿ ಭದ್ರವಾಗಿ ಉಳಿದವು. 1960ರ ದಶಕದಲ್ಲಿ ಸಂಗೀತದ ಗಾಳಿ ಬದಲಾಯಿತು. ಗ್ಯೋರ್ಗಿ ಲಿಗೆಟಿಯು 1961ರಲ್ಲಿ ‘ಆಟ್ಮಾಸ್ಫಿಯರ್ಸ್’ ಎಂಬ ಕೃತಿಯಲ್ಲಿ ರಾಗತಾಳಗಳ ಬದಲು ಕದಲದ ನಾದದ ಮೋಡಗಳನ್ನೇ ಕಟ್ಟಿ ಹೆಸರಾದನು. ಆ ದಶಕದ ಕೊನೆಯಲ್ಲಿ ನಡೆದ ಪ್ರಸಂಗವೊಂದು ಸಂಗೀತ ವಲಯದಲ್ಲಿ ಪ್ರಸಿದ್ಧವಾಗಿದೆ. ಹೊಸ ಕೃತಿಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಲಿಗೆಟಿ ಕುಳಿತಿದ್ದಾಗ, ಡೆನ್ಮಾರ್ಕಿನ ರಚನಕಾರ ಪೇರ್ ನೋರ್ಗೋರ್ ಸದ್ದಿಲ್ಲದೆ ‘ಗೋಳಗಳ ಸಂಗೀತ’ದ ಹಳೆಯ ಪ್ರತಿಯನ್ನು ಅವನ ಮುಂದೆ ಸರಿಸಿದನು. ಪುಟಗಳನ್ನು ಮಗುಚಿ ನೋಡಿದ ಲಿಗೆಟಿ ಬೆರಗಾಗಿ, ತಾನು ಲಾಂಗ್‌ಗೋರ್‌ನ ಅನುಯಾಯಿಯೆಂಬುದು ತನಗೆ ಈವರೆಗೆ ತಿಳಿದಿರಲಿಲ್ಲ ಎಂಬರ್ಥದ ಮಾತಾಡಿದನಂತೆ. ಐವತ್ತು ವರ್ಷ ಹಿಂದೆ, ತನಗಿಂತ ಮೊದಲೇ, ಒಬ್ಬನು ಆ ದಾರಿಯಲ್ಲಿ ಒಂಟಿಯಾಗಿ ನಡೆದು ಹೋಗಿದ್ದನು.

1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ‘ಗೋಳಗಳ ಸಂಗೀತ’ ನಲವತ್ತಾರು ವರ್ಷಗಳ ಮೌನ ಮುರಿಯಿತು. 1980ರಲ್ಲಿ ‘ಆಂಟಿಕ್ರಿಸ್ಟ್’ ಕಚೇರಿಯ ರೂಪದಲ್ಲಿ ಕೇಳಿಬಂತು. 1999ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಮೊದಲ ಬಾರಿಗೆ ರಂಗವೇರಿತು. 2002ರಲ್ಲಿ ಕೋಪನ್‌ಹೇಗನ್ ಕೂಡ ಅದನ್ನು ಆಡಿಸಿತು. ಬೆಂಟ್ ವೀನ್‌ಹೋಲ್ಟ್ ನೀಲ್ಸನ್ ಎಂಬ ವಿದ್ವಾಂಸನು ಹಸ್ತಪ್ರತಿಗಳನ್ನು ಒಂದೊಂದಾಗಿ ಪರಿಶೀಲಿಸಿ 1991ರಲ್ಲಿ ಸಮಗ್ರ ಕೃತಿಸೂಚಿಯನ್ನೂ, 1993ರಲ್ಲಿ ಜೀವನಚರಿತ್ರೆಯನ್ನೂ ಪ್ರಕಟಿಸಿದನು. ಥಾಮಸ್ ಡೌಸ್‌ಗೋರ್ ನಿರ್ದೇಶನದಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ವೃಂದವು ಹದಿನಾರು ಸಿಂಫನಿಗಳನ್ನೂ ಧ್ವನಿಮುದ್ರಿಸಿತು. 2010ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದ ಸಭಿಕರು ‘ಗೋಳಗಳ ಸಂಗೀತ’ವನ್ನು ಕೇಳಿದರು. ಅವನನ್ನು ಅರ್ಥಮಾಡಿಕೊಳ್ಳದ ರೀಬದಲ್ಲಿಯೇ ಇಂದು ಅವನ ಹೆಸರಿನ ಸಂಗೀತೋತ್ಸವ ನಡೆಯುತ್ತಿದೆ.

ಲಾಂಗ್‌ಗೋರ್ ಬರೆದದ್ದೆಲ್ಲವೂ ಶ್ರೇಷ್ಠವೆಂದು ಹೇಳಲಾಗದು. ಕೆಲವು ಕೃತಿಗಳು ಹಳೆಯದರ ಅನುಕರಣೆ; ಕೆಲವು ಆರಂಭವಾಗಿ ಬೆಳೆಯುವ ಮೊದಲೇ ತುಂಡಾಗುತ್ತವೆ. ತನ್ನ ಕೃತಿಯನ್ನು ಕೇಳಿ, ತಪ್ಪು ತಿಳಿದು, ಮುಂದಿನದನ್ನು ತಿದ್ದಿಕೊಳ್ಳುವ ಅವಕಾಶ ಅವನಿಗೆ ಇರಲಿಲ್ಲವೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಕೇಳುಗರಿಲ್ಲದಿರುವುದರ ನಿಜವಾದ ನಷ್ಟ ಕಲಾವಿದನ ಮಾನಸಮ್ಮಾನಗಳಿಗೆ ಆದದ್ದಲ್ಲ, ಅವನ ಕಲೆಗೇ ಆದದ್ದು.

ಇನ್ನೊಂದು ಮಾತೂ ಉಂಟು. ನಮ್ಮ ಪುರಂದರದಾಸರ ಪದಗಳ ಸಾಹಿತ್ಯ ಕಂಠದಿಂದ ಕಂಠಕ್ಕೆ ಹರಿದು ನಮ್ಮನ್ನು ತಲುಪಿತು; ಆದರೆ ಅವರು ಹಾಡಿದ ಮೂಲ ಧಾಟಿಗಳು ಬಹುಪಾಲು ಕಳೆದುಹೋದವು. ಅಲ್ಲಿ ಕೇಳುವ ಜನರಿದ್ದರು, ಬರೆದಿಡುವ ಕ್ರಮವಿರಲಿಲ್ಲ. ಲಾಂಗ್‌ಗೋರ್‌ಗೆ ಬರೆದಿಡುವ ಕ್ರಮವಿತ್ತು, ಕೇಳುವ ಜನರಿರಲಿಲ್ಲ. ಸಂಸ್ಕೃತಿಯೊಂದು ಉಳಿಯಲು ಎರಡೂ ಬೇಕು. ಊರಿನಲ್ಲಿ ಹಾಡುವವರಿದ್ದಾಗ ಕುಳಿತು ಕೇಳುವುದು ಒಂದು ಕರ್ತವ್ಯ. ಯಾರೂ ಕೇಳದ ಕಾಲದಲ್ಲಿಯೂ ಹಳೆಯ ಕಾಗದದ ಕಟ್ಟನ್ನು ಗೆದ್ದಲಿಗೆ ಬಿಡದೆ ಕಾಯುವುದು ಇನ್ನೊಂದು. ಮೊದಲನೆಯದರಲ್ಲಿ ಡೆನ್ಮಾರ್ಕ್ ಸೋತಿತು. ಎರಡನೆಯದರಲ್ಲಿ ಸೋಲದಿದ್ದುದರಿಂದ, ತಡವಾಗಿಯಾದರೂ, ತನ್ನ ಮಗನನ್ನು ಮರಳಿ ಪಡೆಯಿತು. ಗಡಿನಾಡಿನ ನಮ್ಮ ಮನೆಗಳ ಅಟ್ಟದಲ್ಲಿರುವ ಯಕ್ಷಗಾನದ ಓಲೆಗಳಿಗೂ, ತತ್ತ್ವಪದಗಳ ಕೈಬರಹದ ಪುಸ್ತಕಗಳಿಗೂ, ಅಜ್ಜಿಯರ ಹಾಡುಗಳಿಗೂ ಈ ಮಾತು ಸಲ್ಲುತ್ತದೆ. ಯಾವ ಕಟ್ಟಿನೊಳಗೆ ಯಾವ ದನಿ ಕಾಯುತ್ತಿದೆಯೋ ಬಲ್ಲವರಾರು? ಬಿಚ್ಚಿ ನೋಡುವ ಕೆಲಸ ನಮ್ಮದು.